‘ಆಯ್ತು ಮೇಡಂ, ಬಿಡ್ತೀನಿ’ ಅಂದವರು ಬಿಡುವುದಿಲ್ಲ ಏಕೆ?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷವಾಗಿಲ್ಲ. ಬಿ.ಪಿ., ಶುಗರ್ ತೋರಿಸಲು ಬರುವವರಲ್ಲಿ ಕುಡಿಯುವವರನ್ನು, ಹೊಗೆಸೊಪ್ಪು ಹಾಕುವವರನ್ನು ಡಾಕ್ಟರು ನನ್ನ ಹತ್ತಿರ ಕಳಿಸುತ್ತಾರೆ. ಲಿವರ್ ಏನಾಗುತ್ತದೆ, ಸಂಸಾರ ಏನಾಗುತ್ತದೆ ಎಂದು ಸಮಾಧಾನವಾಗಿ ವಿವರಿಸುತ್ತೇನೆ. ಎಲ್ಲರೂ ‘ಆಯ್ತು ಮೇಡಂ, ಬಿಡ್ತೀನಿ’ ಅನ್ನುತ್ತಾರೆ. ಮುಂದಿನ ತಿಂಗಳು ಹಾಗೇ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ತರಬೇತಿಯಲ್ಲಿ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ (ಎಂಐ) ಬಗ್ಗೆ ಹೇಳಿಕೊಟ್ಟರು. ಬುದ್ಧಿ ಹೇಳಬೇಡಿ, ಅವರ ಬಾಯಿಂದಲೇ ಮಾತು ಬರಲಿ ಅಂದರು. ಆದರೆ ನಮ್ಮ ಜನ ಬರುವುದೇ ಹೇಳಿಸಿಕೊಳ್ಳೋಕೆ ಅಲ್ವಾ? ಒಬ್ಬರಿಗೆ ಸಿಗುವುದು ಹದಿನೈದು ನಿಮಿಷ. ಅಷ್ಟರಲ್ಲಿ ಇದು ನಿಜವಾಗಿ ಆಗುತ್ತಾ?

ಉತ್ತರ: ಆಗುತ್ತದೆ. ಆದರೆ ಮೊದಲು ಆ ‘ಆಯ್ತು ಮೇಡಂ’ ಅನ್ನು ಬೇರೆ ಕಿವಿಯಿಂದ ಕೇಳಬೇಕು.

ಅಮೆರಿಕದಿಂದ ಬಂದ ತರಬೇತಿ ಪುಸ್ತಕಗಳಲ್ಲಿ ಒಪ್ಪದ ರೋಗಿ ವಾದ ಮಾಡುತ್ತಾನೆ, ‘ನನಗೇನೂ ಆಗಿಲ್ಲ’ ಎಂದು ಎದುರು ಮಾತಾಡುತ್ತಾನೆ. ನಮ್ಮ ಸರ್ಕಾರಿ ಆಸ್ಪತ್ರೆಗೆ ಬರುವ ರೋಗಿ ಹಾಗೆ ಮಾಡುವುದು ಕಡಿಮೆ. ಕುರ್ಚಿಯಲ್ಲಿ ಕೂತ ಮೇಡಂಗೆ ಎದುರಾಡುವುದು ಮರ್ಯಾದೆ ಅಲ್ಲ. ಹೊರಗೆ ಬಸ್ಸಿಗೂ ಹೊತ್ತಾಗುತ್ತಿರುತ್ತದೆ. ಹಾಗಾಗಿ ಒಪ್ಪದವರೂ ಒಪ್ಪಿಕೊಂಡೇ ಎದ್ದು ಹೋಗುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ತಿಳಿಯಬೇಡಿ. ನಿಮ್ಮ ಮಾತಿಗೆ ಗೌರವ ಕೊಡುತ್ತಿದ್ದಾರೆ, ಅಷ್ಟೆ. ಬಿಡುವ ಮಾತು ಮೊದಲು ಯಾರ ಬಾಯಿಂದ ಬಂತು ಎಂದು ನೋಡಿ. ನಿಮ್ಮ ಬಾಯಿಂದ ಬಂದು ಅವರು ತಲೆ ಆಡಿಸಿದ್ದರೆ, ಆ ಮಾತು ಇನ್ನೂ ನಿಮ್ಮದೇ.

ಈ ವಿಧಾನ ಹುಟ್ಟಿದ್ದೇ ಇಂಥ ಅನುಭವದಿಂದ. 1982ರಲ್ಲಿ ವಿಲಿಯಂ ಮಿಲ್ಲರ್ ಎಂಬ ಅಮೆರಿಕನ್ ಮನೋವಿಜ್ಞಾನಿ ನಾರ್ವೆಯ ಬರ್ಗನ್‌ನಲ್ಲಿದ್ದರು. ಕುಡಿತದ ಚಿಕಿತ್ಸಾಲಯದ ಯುವ ಮನೋವಿಜ್ಞಾನಿಗಳು ತಮಗೆ ಕಷ್ಟ ಕೊಡುವ ರೋಗಿಗಳಂತೆ ನಟಿಸಿ, ನೀವಾದರೆ ಹೇಗೆ ಮಾತಾಡುತ್ತೀರಿ ತೋರಿಸಿ ಅಂದರು. ನಡುನಡುವೆ ನಿಲ್ಲಿಸಿ, ಈ ಪ್ರಶ್ನೆ ಏಕೆ ಕೇಳಿದಿರಿ, ಆ ಮಾತನ್ನು ಏಕೆ ಬಿಟ್ಟಿರಿ ಎಂದು ಕೇಳುತ್ತಿದ್ದರು. ಅವರಿಗೆ ಉತ್ತರ ಕೊಡುತ್ತಾ ಕೊಡುತ್ತಾ ಮಿಲ್ಲರ್‌ಗೆ ತಾವು ಮಾಡುತ್ತಿರುವುದರ ಹಿಂದಿನ ಲೆಕ್ಕ ಸ್ಪಷ್ಟವಾಯಿತು. 1983ರಲ್ಲಿ ಅದನ್ನು ಲೇಖನವಾಗಿ ಪ್ರಕಟಿಸಿದರು. ಮುಂದೆ ಬ್ರಿಟನ್‌ನಲ್ಲಿ ಕೆಲಸ ಮಾಡುತ್ತಿದ್ದ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ 1991ರಲ್ಲಿ ಪುಸ್ತಕ ಬರೆದರು.

ಮಿಲ್ಲರ್ ತಂಡ 1993ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನಿಮ್ಮಂಥವರು ತಿಳಿದಿರಲೇಬೇಕಾದದ್ದು. ಸಲಹೆಗಾರರು ಕುಡಿಯುವವರೊಂದಿಗೆ ವಾದಕ್ಕಿಳಿದಷ್ಟೂ, ಅವರ ತಪ್ಪನ್ನು ಎತ್ತಿ ತೋರಿಸಿದಷ್ಟೂ, ಒಂದು ವರ್ಷದ ನಂತರ ಆ ರೋಗಿಗಳು ಜಾಸ್ತಿ ಕುಡಿಯುತ್ತಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಕುಡಿಯುವ ಬಹುಪಾಲು ಜನರಿಗೆ ಎರಡು ಮನಸ್ಸು. ಬಿಡಬೇಕು ಅಂತಲೂ ಇರುತ್ತದೆ, ಬೇಕು ಅಂತಲೂ ಇರುತ್ತದೆ. ‘ಬಿಡಿ’ ಎಂಬ ಪಕ್ಷವನ್ನು ನೀವೇ ಹಿಡಿದುಬಿಟ್ಟರೆ ಅವರಿಗೆ ಉಳಿಯುವುದು ಇನ್ನೊಂದು ಪಕ್ಷ. ಬಾಯಿಬಿಟ್ಟು ವಾದಿಸದಿದ್ದರೂ ಮನಸ್ಸಿನೊಳಗೆ ವಾದಿಸುತ್ತಾರೆ: ‘ಇವರಿಗೇನು ಗೊತ್ತು ನನ್ನ ಕಷ್ಟ?’ ಮನುಷ್ಯ ತನ್ನ ಬಾಯಿಂದ ಬಂದ ವಾದವನ್ನೇ ಹೆಚ್ಚು ನಂಬುತ್ತಾನೆ.

ಹಾಗಾದರೆ ಹದಿನೈದು ನಿಮಿಷದಲ್ಲಿ ಏನು ಮಾತಾಡುವುದು? ಒಂದು ಭೇಟಿಯನ್ನೇ ತೋರಿಸುತ್ತೇನೆ. ಇದು ಯಾರೊಬ್ಬರ ಕಥೆಯೂ ಅಲ್ಲ, ಹಲವರ ಮಾತು ಸೇರಿಸಿ ಮಾಡಿಕೊಂಡದ್ದು. ಗೂಡ್ಸ್ ಗಾಡಿ ಓಡಿಸುವವರು, ವಯಸ್ಸು ನಲವತ್ತು ದಾಟಿದೆ, ಬಿ.ಪಿ. ಇದೆ, ದಿನಾ ರಾತ್ರಿ ಒಂದು ಕ್ವಾರ್ಟರ್.

‘ಕುಡೀತೀರಾ? ಎಷ್ಟು?’ ಎಂದು ಶುರು ಮಾಡಬೇಡಿ. ಅದನ್ನು ಡಾಕ್ಟರು ಆಗಲೇ ಕೇಳಿರುತ್ತಾರೆ.

‘ಅಣ್ಣ, ನಿಮ್ದು ಒಂದು ದಿನ ಹೇಗಿರುತ್ತೆ? ಬೆಳಗ್ಗೆ ಗಾಡಿ ತೆಗೆಯೋದ್ರಿಂದ ರಾತ್ರಿ ಮಲಗೋ ತನಕ ಹೇಳಿ.’

‘ಐದು ಗಂಟೆಗೆ ತರಕಾರಿ ಲೋಡು ಮೇಡಂ. ಆಮೇಲೆ ಸಿಮೆಂಟೋ, ಗೊಬ್ಬರವೋ ಸಿಕ್ಕಿದ್ದು. ರಾತ್ರಿ ಹೊತ್ತಿಗೆ ಮೈಕೈ ಎಲ್ಲ ನೋವು. ಸ್ವಲ್ಪ ತಗೊಂಡ್ರೇನೇ ನಿದ್ದೆ.’

‘ದಿನವಿಡೀ ಲೋಡು, ಅನ್‌ಲೋಡು. ಕುಡಿದ್ರೆ ಆ ನೋವು ಮರೆತು ನಿದ್ದೆ ಹತ್ತುತ್ತೆ.’

ಇಷ್ಟೇ ಹೇಳಿ ಸುಮ್ಮನಿರಿ. ಅವರು ಹೇಳಿದ್ದನ್ನೇ ಅರ್ಥ ಮಾಡಿಕೊಂಡು ತಿರುಗಿ ಹೇಳುವುದನ್ನು ತರಬೇತಿಯಲ್ಲಿ ರಿಫ್ಲೆಕ್ಷನ್ ಎಂದು ಕಲಿಸಿರುತ್ತಾರೆ. ಇದನ್ನು ಪ್ರಶ್ನೆಯ ಹಾಗೆ ಎಳೆಯಬಾರದು. ಕೊನೆಗೆ ‘ಅಲ್ವಾ?’ ಸೇರಿಸಿದಿರೋ, ‘ಹೂಂ ಮೇಡಂ’ ಅಂದು ಮಾತು ಮುಗಿಸುತ್ತಾರೆ. ದನಿ ಇಳಿಸಿ ನಿಲ್ಲಿಸಿದರೆ ಮುಂದುವರಿಸುತ್ತಾರೆ.

‘ಹೂಂ. ಆದ್ರೆ ಮೂರು ಗಂಟೆಗೆಲ್ಲ ಎಚ್ಚರ ಆಗ್ಬಿಡುತ್ತೆ ಮೇಡಂ. ಆಮೇಲೆ ನಿದ್ದೆ ಇಲ್ಲ. ಬೆಳಗ್ಗೆ ತಲೆ ಭಾರ. ಮೊನ್ನೆ ರಿವರ್ಸ್ ತೆಗೀವಾಗ ಗೋಡೆಗೆ ತಾಗಿಸ್ಬಿಟ್ಟೆ.’

ನೋಡಿ, ಕುಡಿತದಿಂದ ಅವರಿಗೆ ಸಿಗುವ ಆರಾಮವನ್ನು ನೀವು ಒಪ್ಪಿಕೊಂಡ ಕೂಡಲೇ ಅವರೇ ಇನ್ನೊಂದು ಪಕ್ಷ ಹಿಡಿದರು. ಈಗ ‘ಅದಕ್ಕೇ ಹೇಳೋದು ಬಿಡಿ ಅಂತ’ ಎಂಬ ಮಾತು ನಮ್ಮ ನಾಲಿಗೆಯ ತುದಿಗೆ ಬಂದಿರುತ್ತದೆ. ಅದನ್ನು ತಡೆಯುವುದೇ ಈ ಕೆಲಸದಲ್ಲಿ ತುಂಬ ಕಷ್ಟದ ಭಾಗ. ನಮಗೆ ಅವರ ಮೇಲೆ ಕಾಳಜಿ ಇದೆ, ಸರಿಪಡಿಸಬೇಕು ಅನ್ನಿಸುತ್ತದೆ. ಆ ಕಾಳಜಿ ತಪ್ಪಲ್ಲ. ಆದರೆ ಆ ಕ್ಷಣದಲ್ಲಿ ನೀವು ಬುದ್ಧಿ ಹೇಳಿದರೆ, ಅವರು ತಾವಾಗಿ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಬದಲಿಗೆ:

‘ಗಾಡಿ ತಾಗಿದ್ದು ಮನಸ್ಸಿಗೆ ಚುಚ್ಚಿದೆ.’

‘ಚುಚ್ಚದೆ ಇರುತ್ತಾ ಮೇಡಂ? ಸ್ಟೇರಿಂಗ್ ಹಿಡಿದಾಗಿನಿಂದ ಒಂದು ಗೀರು ಬಿದ್ದಿರ್ಲಿಲ್ಲ.’

‘ಗಾಡಿ ವಿಷಯದಲ್ಲಿ ನೀವು ತುಂಬ ಕಟ್ಟುನಿಟ್ಟು.’

ಇದು ಹೊಗಳಿಕೆಯಲ್ಲ. ಅವರಲ್ಲಿ ಇರುವ ಗುಣವನ್ನು ಗುರುತಿಸಿ ಹೇಳಿದ್ದು. ಲಿವರ್ ಬಗ್ಗೆ ನೀವು ಅರ್ಧ ಗಂಟೆ ಮಾತಾಡಿದ್ದರೂ ಸಿಗದ ಎಳೆ ಇಲ್ಲಿ ಸಿಕ್ಕಿದೆ. ಈ ಮನುಷ್ಯನಿಗೆ ಲಿವರ್ ಮುಖ್ಯವಲ್ಲ. ಒಳ್ಳೆಯ ಡ್ರೈವರ್ ಅನ್ನಿಸಿಕೊಳ್ಳುವುದು ಮುಖ್ಯ. ಮುಂದಿನ ಮಾತೆಲ್ಲ ಅದರ ಸುತ್ತ ಇರಲಿ.

‘ಹಿಂದೆ ಯಾವಾಗಲಾದ್ರೂ ನಿಲ್ಲಿಸಿದ್ದುಂಟಾ ಅಣ್ಣ?’

‘ಮಾಲೆ ಹಾಕ್ತೀನಲ್ಲ ಮೇಡಂ, ವರ್ಷಾ ವರ್ಷಾ. ಆವಾಗ ಮುಟ್ಟಲ್ಲ.’

ಅಯ್ಯಪ್ಪನ ಮಾಲೆ. 41 ದಿನದ ವ್ರತ. ನಮ್ಮಲ್ಲಿ ಕುಡಿಯುವ ಎಷ್ಟೋ ಗಂಡಸರು ವರ್ಷಕ್ಕೊಮ್ಮೆ ಯಾವ ಆಸ್ಪತ್ರೆಯ ಸಹಾಯವೂ ಇಲ್ಲದೆ ಕುಡಿತ ನಿಲ್ಲಿಸುತ್ತಾರೆ. ಕೆಲವರು ಶ್ರಾವಣದಲ್ಲಿ ನಿಲ್ಲಿಸುತ್ತಾರೆ. ರಂಜಾನ್ ಉಪವಾಸದಲ್ಲಿ ಹಗಲಿಡೀ ಬೀಡಿ ಮುಟ್ಟದವರಿದ್ದಾರೆ. ಇದು ನಿಮ್ಮ ಕೈಯಲ್ಲಿರುವ ದೊಡ್ಡ ಆಸ್ತಿ. ಆದರೆ ‘ಮಾಲೆ ಹಾಕಿದಾಗ ಆಗುತ್ತೆ, ಈಗ್ಯಾಕೆ ಆಗಲ್ಲ?’ ಎಂದು ಮಾತ್ರ ಕೇಳಬೇಡಿ. ಅದನ್ನು ಮನೆಯಲ್ಲಿ ಹೆಂಡತಿ ಆಗಲೇ ನೂರು ಸಲ ಕೇಳಿರುತ್ತಾರೆ. ಹೇಗೆ ಸಾಧ್ಯವಾಯಿತು ಎಂದು ನಿಜವಾದ ಕುತೂಹಲದಿಂದ ಕೇಳಿ.

‘ಆವಾಗ ಮೈಕೈ ನೋವಿಗೆ, ನಿದ್ದೆಗೆ ಏನು ಮಾಡ್ತಿದ್ರಿ?’

‘ಮೊದಲ ಎರಡು ಮೂರು ದಿನ ಕಷ್ಟ. ಆಮೇಲೆ ಸರಿಹೋಗುತ್ತೆ. ಸಂಜೆ ಸ್ನಾನ, ಭಜನೆ. ಬೇರೆ ಸ್ವಾಮಿಗಳು ಜೊತೇಲಿರ್ತಾರೆ. ಗಾಡಿ ಸೀದಾ ಮನೆಗೇ.’

ಚಿಕಿತ್ಸೆಯ ಯೋಜನೆ ಪೂರ್ತಿ ಇದರಲ್ಲೇ ಇದೆ. ಮೊದಲ ಮೂರು ದಿನಕ್ಕೆ ಆಸರೆ ಬೇಕು. ಸಂಜೆಯ ಹೊತ್ತಿಗೆ ಜೊತೆ ಬೇಕು. ಬಾರ್ ಇರುವ ರಸ್ತೆ ಬಿಟ್ಟು ಬೇರೆ ದಾರಿ ಬೇಕು. ನೀವು ಹೇಳಿದ್ದರೆ ಇದು ಸಲಹೆಯಾಗುತ್ತಿತ್ತು. ಅವರೇ ಹೇಳಿದ್ದರಿಂದ ಆಗಲೇ ಮಾಡಿ ತೋರಿಸಿದ ಸಂಗತಿಯಾಗಿದೆ.

ಇಲ್ಲೇ ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಮರೆಯಬೇಡಿ. ಮಾಲೆ ಹಾಕಿದ ಮೊದಲ ದಿನಗಳಲ್ಲಿ ಕೈ ನಡುಗಿತ್ತಾ, ಬೆವರಿತ್ತಾ, ಫಿಟ್ಸ್ ಬಂದಿತ್ತಾ, ಇಲ್ಲದ್ದು ಕಾಣಿಸಿತ್ತಾ ಎಂದು ಕೇಳಿ. ಬೆಳಗ್ಗೆ ಎದ್ದ ತಕ್ಷಣ ಕುಡಿಯಬೇಕಾಗುತ್ತದೆಯೇ ಎಂದೂ ಕೇಳಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಸನ್ನಿ ಹಿಡಿಯಬಹುದು. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಇಂಥ ಲಕ್ಷಣ ಒಂದಿದ್ದರೂ ‘ಇವತ್ತೇ ನಿಲ್ಲಿಸ್ತೀನಿ’ ಎಂಬ ಮಾತಿಗೆ ಖುಷಿಪಟ್ಟು ಮನೆಗೆ ಕಳಿಸಬೇಡಿ. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಾತ್ರೆ, ಥಯಾಮಿನ್ (ಬಿ1 ವಿಟಮಿನ್), ಬೇಕಿದ್ದರೆ ದಾಖಲಾತಿ ಎಲ್ಲ ಅವರು ನಿರ್ಧರಿಸಲಿ.

ಮನಸ್ಸು ಎಷ್ಟಿದೆ ಎಂದು ಅಳೆಯಲು ಸೊನ್ನೆಯಿಂದ ಹತ್ತರವರೆಗಿನ ಅಳತೆ ಹೇಳಿಕೊಟ್ಟಿರುತ್ತಾರೆ. ವಯಸ್ಸಾದವರ ಹತ್ತಿರ ಅದು ಪರೀಕ್ಷೆಯ ಮಾರ್ಕ್ಸ್ ಹಾಗೆ ಕೇಳಿಸುತ್ತದೆ. ‘ರೂಪಾಯಿಗೆ ಎಷ್ಟಾಣೆ ಮನಸ್ಸಿದೆ?’ ಎಂದು ಕೇಳಿ ನೋಡಿ. ‘ನಾಲ್ಕಾಣೆ’ ಅಂದರೆ ‘ಅಷ್ಟೇನಾ?’ ಅನ್ನಬೇಡಿ. ‘ಒಂದಾಣೆನೂ ಇಲ್ಲ ಅನ್ನಬಹುದಿತ್ತು. ನಾಲ್ಕಾಣೆ ಯಾಕೆ ಬಂತು?’ ಎಂದು ಕೇಳಿ. ಇದಕ್ಕೆ ಉತ್ತರ ಕೊಡಲು ಅವರು ಬಿಡಬೇಕಾದ ಕಾರಣಗಳನ್ನೇ ಹುಡುಕಬೇಕಾಗುತ್ತದೆ. ‘ಎಂಟಾಣೆ ಯಾಕಿಲ್ಲ?’ ಎಂದು ಕೇಳಿದರೆ ಬಿಡಲಾಗದ ಕಾರಣಗಳ ಪಟ್ಟಿ ಬರುತ್ತದೆ. ಮನಸ್ಸನ್ನು ಕೇಳಿದ ಮೇಲೆ ಧೈರ್ಯವನ್ನೂ ಬೇರೆಯಾಗಿ ಕೇಳಿ. ಹದಿನಾರಾಣೆ ಮನಸ್ಸಿದ್ದು ಆಗುತ್ತದೆಂಬ ನಂಬಿಕೆ ಎರಡಾಣೆ ಇರುವವರು ನಮ್ಮಲ್ಲಿ ಬಹಳ. ಅವರಿಗೆ ಕಾರಣ ಹೇಳುವುದು ವ್ಯರ್ಥ. ದಾರಿ ಹುಡುಕಲು ಜೊತೆಗಿರಬೇಕು.

ಮಾತು ಮುಗಿಸುವ ಮುನ್ನ ಅವರು ಹೇಳಿದ್ದನ್ನೆಲ್ಲ ಒಂದು ಸಲ ಜೋಡಿಸಿ ಹೇಳಿ. ಕುಡಿತದಿಂದ ಸಿಗುವ ಸುಖವನ್ನು ಮೊದಲು, ಬಿಡಬೇಕೆನ್ನುವ ಕಾರಣವನ್ನು ಕೊನೆಗೆ. ಕೊನೆಯಲ್ಲಿ ಕೇಳಿದ್ದಕ್ಕೇ ಜನ ಉತ್ತರ ಕೊಡುತ್ತಾರೆ. ‘ಮೈಕೈ ನೋವಿಗೆ ಒಂದು ಕ್ವಾರ್ಟರ್ ಬೇಕು ಅನ್ನಿಸುತ್ತೆ. ಆದ್ರೆ ಮೂರಕ್ಕೇ ಎಚ್ಚರ, ತಲೆ ಭಾರ, ಗಾಡಿಗೆ ಗೀರು. ಮಾಲೆ ಹಾಕಿದಾಗ ಇದ್ಯಾವುದೂ ಇರಲಿಲ್ಲ. ಮುಂದೆ ಏನು ಮಾಡೋಣ ಅನ್ನಿಸ್ತಿದೆ ಅಣ್ಣ?’ ಆಮೇಲೆ ತಡೆದುಕೊಂಡು ಕಾಯಿರಿ. ‘ವಾರದಲ್ಲಿ ಮೂರು ದಿನ ಬಿಟ್ಟು ನೋಡ್ತೀನಿ’ ಅಂದರೆ, ಏಳೂ ದಿನ ಬಿಡಿ ಎಂದು ಚೌಕಾಸಿಗೆ ಇಳಿಯಬೇಡಿ. ಯಾವ ಮೂರು ದಿನ, ಆ ಸಂಜೆ ಎಲ್ಲಿರುತ್ತಾರೆ, ಜೊತೆಯವರು ಕರೆದರೆ ಏನು ಹೇಳುತ್ತಾರೆ ಎಂದು ಕೇಳಿ. ಕುಡಿಯುವುದನ್ನು ಪೂರ್ತಿ ನಿಲ್ಲಿಸಲೇಬೇಕಾದಷ್ಟು ಲಿವರ್ ಕೆಟ್ಟಿದ್ದರೆ ಅದನ್ನು ಮುಚ್ಚಿಡಬಾರದು, ನೇರವಾಗಿ ಹೇಳಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಜನ ಹೇಳಿಸಿಕೊಳ್ಳೋಕೇ ಬರುತ್ತಾರೆ ಎಂದಿರಿ. ನಿಜ. ಎಂಐ ಅಂದರೆ ಬಾಯಿ ಮುಚ್ಚಿಕೊಂಡು ಕೂರುವುದಲ್ಲ. ಹಾಗೆ ಕೂತರೆ ‘ಮೇಡಂಗೆ ಏನೂ ಗೊತ್ತಿಲ್ಲ’ ಅಂದುಕೊಂಡು ಹೋಗುತ್ತಾರೆ. ಹೇಳಿ. ಆದರೆ ಮೊದಲು ಕೇಳಿ, ಆಮೇಲೆ ಒಂದೇ ವಿಷಯ ಹೇಳಿ, ಮತ್ತೆ ಕೇಳಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಮ್ಮನೊಬ್ಬರು ಬಂದಿದ್ದಾರೆ ಅಂದುಕೊಳ್ಳಿ. ಕ್ಯಾನ್ಸರ್ ಚಿತ್ರದ ಚಾರ್ಟ್ ತೆಗೆಯುವ ಮುಂಚೆ, ‘ಅಡಿಕೆ, ಹೊಗೆಸೊಪ್ಪಿನಿಂದ ಬಾಯಿಗೆ ಏನಾಗುತ್ತೆ ಅಂತ ಕೇಳಿದ್ದೀರಮ್ಮ?’ ಅನ್ನಿ. ಬಹಳ ಜನಕ್ಕೆ ಗೊತ್ತಿರುತ್ತದೆ. ಆಮೇಲೆ, ‘ಒಂದು ವಿಷಯ ಹೇಳಲಾ?’ ಎಂದು ಕೇಳಿ, ‘ಖಾರ ತಿಂದ್ರೆ ಬಾಯಿ ಉರಿಯೋದು, ಬಾಯಿ ಪೂರ್ತಿ ತೆರೆಯೋಕೆ ಆಗದೆ ಇರೋದು ಇವೆಲ್ಲ ಬಾಯಿ ಕೆಡ್ತಿರೋದರ ಮೊದಲ ಸೂಚನೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹೋಗುತ್ತಾ ನೋಡಿ’ ಅನ್ನಿ. ಅವರು ನಿಮ್ಮೆದುರೇ ಬೆರಳಿಟ್ಟು ನೋಡುತ್ತಾರೆ. ಎರಡೇ ಬೆರಳು ಹೋದಾಗ ಅವರ ಮುಖದಲ್ಲಿ ಆಗುವ ಬದಲಾವಣೆಯ ಮೇಲೆ ನೀವು ಭಾಷಣ ಹೇರಬೇಡಿ. ‘ಏನನ್ನಿಸ್ತು ಅಮ್ಮ?’ ಸಾಕು. ದಂತವೈದ್ಯರ ಹತ್ತಿರ ಹೋಗಬೇಕೆಂಬ ಮಾತು ಆಮೇಲೆ ಸಲೀಸಾಗಿ ಬರುತ್ತದೆ.

ಇನ್ನು ಪ್ರಮಾಣ ಮಾಡಿಸುವ ವಿಷಯ. ಮನೆಯವರು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಮಕ್ಕಳ ತಲೆ ಮುಟ್ಟಿಸಿ ಮಾತು ತೆಗೆದುಕೊಳ್ಳುತ್ತಾರೆ. ನನಗೆ ದೇವರ ಮುಂದೆ ಕೊಟ್ಟ ಮಾತಿನ ಬಗ್ಗೆ ಗೌರವವಿದೆ. ತಾನಾಗಿ ಹೋಗಿ ಪ್ರಮಾಣ ಮಾಡಿದವರು ಅದನ್ನು ಹಿಡಿದುಕೊಂಡೇ ವರ್ಷಗಟ್ಟಲೆ ನಿಂತದ್ದುಂಟು. ಬಲವಂತದ ಪ್ರಮಾಣ ಬೇರೆ. ಅದು ಮುರಿದಾಗ ಕುಡಿತದ ಜೊತೆಗೆ ಪಾಪಭೀತಿಯೂ ಸೇರುತ್ತದೆ, ಆ ಭೀತಿ ಮರೆಯಲು ಇನ್ನೊಂದು ನೈಂಟಿ. ನಿಮ್ಮ ಕೋಣೆಯಲ್ಲಿ ಯಾರಿಂದಲೂ ಮಾತು ತೆಗೆದುಕೊಳ್ಳಬೇಡಿ. ಅವರೇ ‘ಮಾಲೆ ಹಾಕ್ತೀನಿ’, ‘ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗ್ತೀನಿ’, ‘ಎಎ (ಕುಡಿತ ಬಿಡುವವರ ಸ್ವಸಹಾಯ ಗುಂಪು) ಮೀಟಿಂಗ್‌ಗೆ ಹೋಗ್ತೀನಿ’ ಅಂದರೆ ಸಂತೋಷದಿಂದ ಜೊತೆ ನಿಲ್ಲಿ. ಶಿಬಿರ ಮುಗಿದ ಮೇಲಿನ ಮೊದಲ ಸಂಜೆ ಹೇಗಿರುತ್ತದೆ ಎಂದು ಈಗಲೇ ಮಾತಾಡಿಟ್ಟುಕೊಳ್ಳಿ.

ಹೆಂಡತಿ ಅಥವಾ ತಾಯಿ ಜೊತೆಗೆ ಬಂದು ‘ಸ್ವಲ್ಪ ಬುದ್ಧಿ ಹೇಳಿ ಮೇಡಂ ಇವರಿಗೆ’ ಅಂದಾಗ ಕಷ್ಟ. ಅವರು ನೊಂದಿದ್ದಾರೆ, ಅವರ ಮಾತಿಗೆ ಬೆಲೆ ಇದೆ. ಆದರೆ ಅವರೆದುರು ಆ ಮನುಷ್ಯ ತಲೆ ತಗ್ಗಿಸಿ ಕೂರುತ್ತಾರೆಯೇ ಹೊರತು ಎರಡು ಮನಸ್ಸಿನ ಮಾತಾಡುವುದಿಲ್ಲ. ಮೊದಲು ಅವರೊಬ್ಬರ ಜೊತೆ ಮಾತಾಡಿ, ಆಮೇಲೆ ಮನೆಯವರ ಜೊತೆ ಬೇರೆಯಾಗಿ. ಹೊಡೆತ ಬಡಿತ ಇದೆ ಎಂದು ಗೊತ್ತಾದರೆ ಆಕೆಯ ಸುರಕ್ಷತೆಯೇ ಮೊದಲ ಕೆಲಸ. 181 ಮಹಿಳಾ ಸಹಾಯವಾಣಿಯ ಸಂಖ್ಯೆ ಕೊಡಿ. ಗಂಡ ಬದಲಾಗುವ ತನಕ ಕಾಯಿರಿ ಎಂದು ಯಾರಿಗೂ ಹೇಳಬಾರದು. ಹಾಗೆಯೇ ಸಾಯುವ ಮಾತಾಡುತ್ತಿರುವವರ ಹತ್ತಿರ ಎರಡೂ ಪಕ್ಷ ತೂಗುತ್ತಾ ಕೂರುವಂತಿಲ್ಲ. ಅದು ಈ ವಿಧಾನದ ಜಾಗವಲ್ಲ. ಅವರನ್ನು ಒಂಟಿಯಾಗಿ ಬಿಡದೆ ಡಾಕ್ಟರಿಗೆ ತೋರಿಸಿ. 14416 ಟೆಲಿ ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆಯನ್ನು ಮನೆಯವರಿಗೂ ಕೊಟ್ಟಿರಿ.

ಇಷ್ಟು ಸಣ್ಣ ಮಾತುಕತೆಯಿಂದ ಏನಾದೀತು ಎಂಬ ಅನುಮಾನಕ್ಕೆ ಪಕ್ಕದ ಗೋವಾದಲ್ಲೇ ಉತ್ತರವಿದೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಹಾನಿಯಾಗುವಷ್ಟು ಕುಡಿಯುತ್ತಿದ್ದ 377 ಗಂಡಸರ ಮೇಲೆ ನಡೆದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಲಹೆ ನೀಡಿದವರು ಡಾಕ್ಟರೂ ಅಲ್ಲ, ಮನೋವಿಜ್ಞಾನಿಗಳೂ ಅಲ್ಲ. ತರಬೇತಿ ಪಡೆದ ಸಾಮಾನ್ಯ ಜನ. ಎಂಐ ಮೇಲೆ ನಿಂತ ಆ ಸಲಹೆ ಗರಿಷ್ಠ ನಾಲ್ಕು ಭೇಟಿಯದು. ಮೂರು ತಿಂಗಳ ನಂತರ ಅಪಾಯದ ಮಟ್ಟದಿಂದ ಹೊರಬಂದವರು ಸಲಹೆ ಪಡೆದವರಲ್ಲಿ ಶೇ. 36, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 26. ನೂರಕ್ಕೆ ಹತ್ತು ಜನ ಜಾಸ್ತಿ. ಪವಾಡವಲ್ಲ, ಆದರೆ ಹತ್ತು ಮನೆ. ತೀವ್ರ ಅವಲಂಬನೆ ಇರುವವರಿಗೆ ಇಷ್ಟೇ ಸಾಲದು. ಅವರನ್ನು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೋ ನಿಮ್ಹಾನ್ಸ್‌ಗೋ ಕಳಿಸಬೇಕು.

ಕೊನೆಯದಾಗಿ ಕಲಿಕೆಯ ವಿಷಯ. ಒಂದೆರಡು ದಿನದ ತರಬೇತಿಯಿಂದ ಇದು ಬರುವುದಿಲ್ಲ ಎಂಬುದನ್ನು ಮಿಲ್ಲರ್ ಅವರೇ ತಮ್ಮ ತರಬೇತಿಗಳನ್ನು ಅಳೆದು ತೋರಿಸಿದ್ದಾರೆ. ಕಾರ್ಯಾಗಾರ ಮುಗಿಸಿದವರಿಗೆ ಕಲಿತೆವು ಅನ್ನಿಸುತ್ತದೆ, ಮಾತಿನ ರೀತಿ ಬೇಗ ಹಳೆಯ ದಾರಿಗೆ ಮರಳುತ್ತದೆ. ತಮ್ಮ ಸಂಭಾಷಣೆಯನ್ನು ಬೇರೆಯವರಿಂದ ಕೇಳಿಸಿ ತಿದ್ದಿಕೊಂಡವರಲ್ಲಿ ಮಾತ್ರ ಅದು ಉಳಿಯಿತು. ಹಾಗಾಗಿ ರೋಗಿಯ ಒಪ್ಪಿಗೆ ಪಡೆದು, ಆಸ್ಪತ್ರೆಯ ಅನುಮತಿ ಇದ್ದರೆ, ಒಂದು ಮಾತುಕತೆಯನ್ನು ರೆಕಾರ್ಡ್ ಮಾಡಿ. ಸಂಜೆ ಕೂತು ಕೇಳಿ. ನೀವು ಕೇಳಿದ ಪ್ರಶ್ನೆಗಳೆಷ್ಟು, ಅವರ ಮಾತನ್ನು ತಿರುಗಿ ಹೇಳಿದ್ದೆಷ್ಟು ಎಂದು ಗೆರೆ ಹಾಕಿ ಎಣಿಸಿ. ಶುರುವಿನಲ್ಲಿ ಪ್ರಶ್ನೆಗಳೇ ಸಾಲುಸಾಲಾಗಿರುತ್ತವೆ. ಒಂದು ಪ್ರಶ್ನೆಗೆ ಎರಡು ರಿಫ್ಲೆಕ್ಷನ್ ಆಗುವ ತನಕ ಅಭ್ಯಾಸ ಮಾಡಿ. ಪಕ್ಕದ ತಾಲ್ಲೂಕಿನಲ್ಲಿ ನಿಮ್ಮದೇ ಕೆಲಸ ಮಾಡುವ ಗೆಳತಿ ಇದ್ದರೆ, ಹೆಸರು ಗುರುತು ತೆಗೆದು, ಅದಕ್ಕೂ ರೋಗಿಯ ಒಪ್ಪಿಗೆ ಇದ್ದರೆ ಮಾತ್ರ, ಅವರಿಗೂ ಕೇಳಿಸಿ. ಎಲ್ಲ ರೋಗಿಗಳ ಜೊತೆ ಇದನ್ನು ಮಾಡಲು ನಿಮಗೆ ಪುರುಸೊತ್ತು ಸಿಗುವುದಿಲ್ಲ, ವಾರಕ್ಕೆ ಒಂದು ಸಾಕು.